ಬೋಟಿನ ಮುಳ್ಳುಗಳು ಒಟ್ಟಿಗೆ ಮಾತಾಡುತ್ತವೆ

ಜುಲೈ ಕೊನೆಯ ವಾರ ಮಲ್ಪೆ ದಕ್ಕೆಗೆ ಹೋದರೆ ಮೀನಿನ ವಾಸನೆಗಿಂತ ಪೇಂಟಿನ ವಾಸನೆಯೇ ಜೋರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಎಂಜಿನ್ ಬಿಚ್ಚಿ ಜೋಡಿಸುವುದು, ಬಲೆ ರಿಪೇರಿ, ಅಡಿಗೆ ಬಣ್ಣ ಎಲ್ಲವೂ ಈ ಅವಧಿಯಲ್ಲೇ ಮುಗಿಯಬೇಕು. ಕಟ್ಟಕಡೆಗೆ ಉಳಿಯುವುದು ಕ್ಯಾಬಿನ್ನಿನ ಕೆಲಸ. ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಚುಕ್ಕಾಣಿಯ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು, ಹಸಿರುಗಟ್ಟಿದ ತಂತಿಗಳನ್ನು ಕತ್ತರಿಸುತ್ತಿರುತ್ತಾನೆ. ಅವನ ತಲೆಯ ಮೇಲಿರುವ ಹಲಗೆಯೇ ಬೋಟಿನ ಡ್ಯಾಶ್‌ಬೋರ್ಡ್.

ಅದರಲ್ಲಿ ಆರೇಳು ದುಂಡು ಗೇಜು, ಎರಡು ಸಾಲು ಸ್ವಿಚ್ಚು, ಕೀ ಹಾಕುವ ಜಾಗ. ಮೇಲೆ ದಿಕ್ಸೂಚಿ, ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್. ಮಧ್ಯೆ ಉಚ್ಚಿಲದ ಮಹಾಲಕ್ಷ್ಮಿಯ ಫೋಟೊ, ಮೂರು ಮೊಬೈಲ್ ಚಾರ್ಜರ್. ಸ್ವಿಚ್ಚುಗಳ ಹೆಸರು ಉಪ್ಪುಗಾಳಿಗೆ ಅಳಿಸಿಹೋಗಿ, ಮಾರ್ಕರ್ ಪೆನ್ನಿನಲ್ಲಿ ಬರೆದದ್ದೂ ಅರ್ಧ ಮಾಸಿರುತ್ತದೆ. ಕಾರು ಓಡಿಸುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಆದರೆ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ ರಸ್ತೆ ಬದಿಗೆ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ಕಡಲಿನಲ್ಲಿ ಎಂಜಿನ್ ನಿಂತರೆ ಬೋಟು ತನ್ನಷ್ಟಕ್ಕೆ ಅಲೆಗೆ ಅಡ್ಡ ತಿರುಗುತ್ತದೆ, ಹೊಯ್ದಾಟ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಕೆಂಪು ದೀಪ ಹತ್ತುವುದಕ್ಕೆ ಎಷ್ಟೋ ಮೊದಲೇ ಮುಳ್ಳಿನ ಚಲನೆ ಕಣ್ಣಿಗೆ ಬೀಳಬೇಕು.

ಮೊದಲು ಕೈಗೆ ಸಿಗುವುದು ಲಿವರ್‌ಗಳು. ಎರಡು ಲಿವರಿನ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕಪ್ಪು ಗುಂಡಿಯದು ಗೇರು, ಕೆಂಪು ಗುಂಡಿಯದು ಆಕ್ಸಿಲರೇಟರ್. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ. ಗೇರಿನ ಕತೆ ಇಷ್ಟೇ. ಬೋಟಿಗೆ ಬ್ರೇಕಿಲ್ಲ, ಗೇರನ್ನು ಹಿಂದಕ್ಕೆ ಹಾಕುವುದೇ ಬ್ರೇಕು. ದಕ್ಕೆಗೆ ಬರುವಾಗ ಗಾಬರಿಯಲ್ಲಿ ಮುಂದಿನಿಂದ ಹಿಂದಕ್ಕೆ ಒಂದೇ ಏಟಿಗೆ ಎಳೆದವರು ಗೇರ್‌ಬಾಕ್ಸಿನ ಕ್ಲಚ್ ಪ್ಲೇಟಿಗೆ ದುಡ್ಡು ಕೊಡುತ್ತಾರೆ. ನ್ಯೂಟ್ರಲ್‌ನಲ್ಲಿ ಒಂದೆರಡು ಸೆಕೆಂಡು ನಿಲ್ಲಿಸಿ, ಎಂಜಿನ್ ವೇಗ ಇಳಿದ ಮೇಲೆ ಹಿಂದಕ್ಕೆ ಹಾಕಬೇಕು.

ಇನ್ನು ಗೇಜುಗಳು. ಎಲ್ಲದಕ್ಕೂ ಸಮಾನ ಮರ್ಯಾದೆ ಕೊಡಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಆಯಿಲ್ ಪ್ರೆಷರ್ ಮೀಟರಿನದು. ಹಳೆಯ ಮೆಕ್ಯಾನಿಕಲ್ ಗೇಜಿನ ಒಳಗೆ ಬಾಗಿದ ಒಂದು ತೆಳು ಹಿತ್ತಾಳೆಯ ಕೊಳವೆ ಇದೆ. ಜಾತ್ರೆಯಲ್ಲಿ ಸಿಗುವ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯ ಹಾಗೆ, ಎಂಜಿನಿನಿಂದ ಬಂದ ಎಣ್ಣೆಯ ಒತ್ತಡಕ್ಕೆ ಆ ಕೊಳವೆ ಕೊಂಚ ನೆಟ್ಟಗಾಗಲು ನೋಡುತ್ತದೆ. ಆ ಕೂದಲೆಳೆಯಷ್ಟು ಚಲನೆಯನ್ನು ಪುಟ್ಟ ಹಲ್ಲುಚಕ್ರ ದೊಡ್ಡದು ಮಾಡಿ ಮುಳ್ಳಿಗೆ ದಾಟಿಸುತ್ತದೆ. ಫ್ರಾನ್ಸಿನ ಯುಜೀನ್ ಬೋರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಬ್ಯಾಟರಿ ಬೇಡ, ತಂತಿ ಬೇಡ. ಹಾಗಾಗಿಯೇ ಬೋಟು ನಡೆಸುವ ಹಳೆಯ ತಂಡೇಲರು ಎಲೆಕ್ಟ್ರಿಕ್ ಗೇಜಿನ ಪಕ್ಕದಲ್ಲಿ ಇಂಥದ್ದೊಂದು ಇರಲಿ ಎಂದು ಹಟ ಹಿಡಿಯುವುದು.

ಎಂಜಿನ್ ತಣ್ಣಗಿರುವಾಗ ಎಣ್ಣೆ ಮಂದ, ಮುಳ್ಳು ಮೇಲೆ ಹೋಗಿ ಕೂರುತ್ತದೆ. ಅರ್ಧ ಗಂಟೆ ಓಡಿ ಎಣ್ಣೆ ತೆಳುವಾದ ಮೇಲೆ ಮುಳ್ಳು ಇಳಿಯುತ್ತದೆ. ಇದನ್ನು ಕಂಡು ಹೊಸಬರು ಹೆದರುತ್ತಾರೆ, ಹೆದರಬೇಕಾಗಿಲ್ಲ. ಕೆಲಸದ ವೇಗದಲ್ಲಿ 3ರಿಂದ 5 ಬಾರ್, ಬಿಸಿಯಾಗಿ ಐಡಲ್‌ನಲ್ಲಿರುವಾಗ 1 ಬಾರ್ ಆಸುಪಾಸು ಇದ್ದರೆ ಬಹುತೇಕ ಡೀಸೆಲ್ ಎಂಜಿನ್‌ಗಳಿಗೆ ಸಾಕು. ಗೇಜಿನ ಮೇಲೆ ಪಿಎಸ್‌ಐ ಎಂದು ಬರೆದಿದ್ದರೆ 1 ಬಾರ್ ಅಂದರೆ 14.5. ಆದರೆ ಪುಸ್ತಕದ ಅಂಕಿಗಿಂತ ನಿಮ್ಮ ಬೋಟಿನ ಅಂಕಿ ಮುಖ್ಯ. ಒಂದು ಬೋಟಿನಲ್ಲಿ ಗೇಜಿನ ಗಾಜಿನ ಮೇಲೆ ಕೆಂಪು ನೇಲ್ ಪಾಲಿಶ್‌ನ ಎರಡು ಚುಕ್ಕಿ ಕಂಡೆ. ಒಂದು ಚುಕ್ಕಿ ಬಲೆ ಎಳೆಯುವಾಗ ಮುಳ್ಳು ನಿಲ್ಲುವ ಜಾಗ, ಇನ್ನೊಂದು ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗಿನದು. ರಾತ್ರಿ ಪಾಳಿಗೆ ಬರುವ ಹುಡುಗನಿಗೆ ಬಾರ್ ಅಂದರೇನು ಎಂದು ಗೊತ್ತಿರಬೇಕಾಗಿಲ್ಲ. ಮುಳ್ಳು ಚುಕ್ಕಿಯಿಂದ ಕೆಳಗೆ ಜಾರಿದರೆ ತಂಡೇಲನನ್ನು ಎಬ್ಬಿಸಬೇಕು, ಅಷ್ಟೇ. ಗೇಜಿನ ವಿಷಯದಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಸುಧಾರಣೆಯನ್ನು ನಾನು ಬೇರೆ ಕಂಡಿಲ್ಲ.

ಪ್ರೆಷರ್ ಏಕಾಏಕಿ ಬಿದ್ದರೆ ಯೋಚನೆಗೆ ಸಮಯವಿಲ್ಲ. ನ್ಯೂಟ್ರಲ್ ಮಾಡಿ ಎಂಜಿನ್ ನಿಲ್ಲಿಸಬೇಕು. ಎಣ್ಣೆಯಿಲ್ಲದೆ ಬೇರಿಂಗ್‌ಗಳು ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ಇದಕ್ಕಾಗಿಯೇ ಗೇಜಿನ ಜೊತೆ ಒಂದು ಬಜರ್ ಇರುತ್ತದೆ. ಕೀ ತಿರುಗಿಸಿದಾಗ, ಎಂಜಿನ್ ಇನ್ನೂ ಶುರುವಾಗುವ ಮೊದಲು, ಅದು ಕೂಗಲೇಬೇಕು. ಆಗ ಎಣ್ಣೆಯ ಒತ್ತಡ ಸೊನ್ನೆ ಇರುವುದರಿಂದ ಆ ಕೂಗೇ ಅದರ ದಿನನಿತ್ಯದ ಪರೀಕ್ಷೆ. ಕೂಗಲಿಲ್ಲವೆಂದರೆ ಹೊರಡುವ ಮೊದಲು ಯಾಕೆಂದು ನೋಡಬೇಕು. ಕಿರಿಕಿರಿ ಎಂದು ಯಾರೋ ಅದರ ತಂತಿ ಕಿತ್ತು ಟೇಪು ಸುತ್ತಿಟ್ಟಿರುವುದೇ ಹೆಚ್ಚು.

ಟೆಂಪರೇಚರ್ ಮೀಟರಿನ ಸ್ವಭಾವ ಬೇರೆ. ಅದು ನಿಧಾನಿ. 75ರಿಂದ 90 ಡಿಗ್ರಿ ನಡುವೆ ಒಂದು ಜಾಗ ಹಿಡಿದು ದಿನಗಟ್ಟಲೆ ಅಲ್ಲೇ ಇರುತ್ತದೆ. ಕದಲಿತು ಎಂದರೆ ಏನೋ ಆಗಿದೆ. ಸಮುದ್ರದ ನೀರನ್ನು ಪಂಪಿನಲ್ಲಿ ಎಳೆದು ಎಂಜಿನ್ ತಣಿಸುವ ಬೋಟುಗಳಲ್ಲಿ ನೀರು ಒಳಬರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಳ್ಳುವುದು ಮಾಮೂಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆಗಳು ಊರಿನ ಕಸವನ್ನೆಲ್ಲ ಅಳಿವೆಗೆ ತಂದು ಹಾಕಿರುತ್ತವೆ. ಒಮ್ಮೆ ಬೋಟನ್ನು ಹಿಂದಕ್ಕೆ ನಡೆಸಿದರೆ ಚೀಲ ಕಳಚಿ ಹೋಗುವುದೂ ಉಂಟು. ಇಲ್ಲವಾದರೆ ಸ್ಟ್ರೈನರ್ ಬಿಚ್ಚಬೇಕು, ಪಂಪಿನ ರಬ್ಬರ್ ಇಂಪೆಲ್ಲರ್ ಹರಿದಿದೆಯೇ ನೋಡಬೇಕು.

ಬಿಸಿ ಏರಿದಾಗ ಆಯಿಲ್ ಪ್ರೆಷರ್ ಬಿದ್ದಾಗಿನಂತೆ ಥಟ್ಟನೆ ಎಂಜಿನ್ ನಿಲ್ಲಿಸುವುದು ಸರಿಯಲ್ಲ. ಪಂಪು ನಿಂತರೆ ಒಳಗಿನ ಲೋಹದ ಕಾವು ನಿಂತ ನೀರಿಗೆ ಇಳಿದು ಇನ್ನಷ್ಟು ಏರುತ್ತದೆ. ಗೇರು ತೆಗೆದು, ವೇಗ ಇಳಿಸಿ, ಐಡಲ್‌ನಲ್ಲಿ ಬಿಟ್ಟು ಕಾರಣ ಹುಡುಕಬೇಕು. ನೀರು ಪೂರ್ತಿ ಖಾಲಿಯಾಗಿದ್ದರೆ ಮಾತ್ರ ನಿಲ್ಲಿಸುವುದೇ ದಾರಿ. ಆದರೆ ಅಳಿವೆ ಬಾಯಲ್ಲಿ, ಎರಡೂ ಕಡೆ ಅಲೆ ಒಡೆಯುತ್ತಿರುವಾಗ ಈ ಯಾವ ನಿಯಮವೂ ಇಲ್ಲ. ಅಲ್ಲಿ ಎಂಜಿನ್ ಸುಟ್ಟರೂ ಸರಿ, ಬೋಟು ದಾಟಬೇಕು. ಎಂಜಿನ್ ಮತ್ತೆ ಕಟ್ಟಿಸಬಹುದು.

ಈ ಮೀಟರ್ ಸುಳ್ಳೂ ಹೇಳುತ್ತದೆ. ಅದರ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ಪೈಪು ಒಡೆದು ನೀರೆಲ್ಲ ಸೋರಿಹೋದರೆ ಸೆನ್ಸರ್ ಬರಿ ಗಾಳಿಯಲ್ಲಿ, ಹಬೆಯಲ್ಲಿ ಉಳಿಯುತ್ತದೆ. ಎಂಜಿನ್ ಒಳಗೆ ಬೇಯುತ್ತಿರುವಾಗ ಮುಳ್ಳು ಕೆಳಗಿಳಿದು ಎಲ್ಲ ತಂಪಾಗಿದೆ ಎನ್ನುತ್ತದೆ. ಏರಿದ ಮುಳ್ಳಿಗೆ ಎಲ್ಲರೂ ಹೆದರುತ್ತಾರೆ. ಕಾರಣವಿಲ್ಲದೆ ಇಳಿದ ಮುಳ್ಳಿಗೆ ಹೆದರುವವನು ಅನುಭವಿ. ಅದಕ್ಕೇ ಕ್ಯಾಬಿನ್ ಕಿಟಕಿಯಿಂದ ಆಗಾಗ ತಲೆ ಹಾಕಿ, ಬೋಟಿನ ಬದಿಯಲ್ಲಿ ತಂಪುನೀರು ಎಂದಿನಂತೆ ಬೀಳುತ್ತಿದೆಯೇ ಎಂದು ನೋಡುವ ಅಭ್ಯಾಸ.

ತಂತಿಯ ತೊಂದರೆಯೋ ಎಂಜಿನಿನ ತೊಂದರೆಯೋ ಎಂದು ತಿಳಿಯಲು ಎಲೆಕ್ಟ್ರಿಷಿಯನ್‌ಗಳು ಮಾಡುವ ಪರೀಕ್ಷೆ ಸರಳ. ಹೆಚ್ಚಿನ ಟೆಂಪರೇಚರ್ ಸೆನ್ಸರ್‌ಗಳ ವಿದ್ಯುತ್ ರೋಧ ಬಿಸಿಯಾದಷ್ಟೂ ಕಡಿಮೆಯಾಗುತ್ತದೆ. ಕೀ ಆನ್ ಇಟ್ಟು ಸೆನ್ಸರಿನ ತಂತಿ ಕಳಚಿದರೆ ಮುಳ್ಳು ತಂಪಿನ ತುದಿಗೆ ಬರಬೇಕು. ಆ ತಂತಿಯನ್ನು ಕ್ಷಣಮಾತ್ರ ಎಂಜಿನಿನ ಕಬ್ಬಿಣಕ್ಕೆ ಮುಟ್ಟಿಸಿದರೆ ಬಿಸಿಯ ತುದಿಗೆ ಹಾರಬೇಕು. ಎರಡೂ ಆದರೆ ಗೇಜೂ ತಂತಿಯೂ ಸರಿ, ಸೆನ್ಸರಿನ ಮೇಲೆ ಅನುಮಾನ. ಆಯಿಲ್ ಪ್ರೆಷರ್ ಸೆನ್ಸರಿನಲ್ಲಿ ಮಾತ್ರ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಕೆಲವದರಲ್ಲಿ ತಂತಿ ಕಡಿದರೆ ಮುಳ್ಳು ಸೊನ್ನೆಗೆ, ಕೆಲವದರಲ್ಲಿ ಪೂರ್ತಿ ಮೇಲಕ್ಕೆ. ಒಂದು ಕಂಪನಿಯ ಗೇಜಿಗೆ ಇನ್ನೊಂದರ ಸೆನ್ಸರ್ ಸೇರಿಸಿ ಕೂರಿಸಿದರೆ ಆ ಮುಳ್ಳು ಹೇಳುವುದೆಲ್ಲ ತಲೆಕೆಳಗಾಗಬಹುದು.

ಹೀಗೆ ಪ್ರತಿಯೊಂದು ಮುಳ್ಳಿಗೂ ತಪ್ಪು ಹೇಳಲು ಅವಕಾಶವಿದೆ ಎಂದ ಮೇಲೆ ಯಾವುದನ್ನು ನಂಬುವುದು? ಜೊತೆಯ ಮುಳ್ಳುಗಳನ್ನು ಕೇಳಬೇಕು. ಆರ್‌ಪಿಎಂ ಮೀಟರನ್ನು ತೆಗೆದುಕೊಳ್ಳಿ. ಅನೇಕ ಬೋಟುಗಳಲ್ಲಿ ಅದಕ್ಕೆ ಸಂಜ್ಞೆ ಬರುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಿಂದ. ಆಲ್ಟರ್ನೇಟರನ್ನು ತಿರುಗಿಸುವುದು ಒಂದು ರಬ್ಬರ್ ಬೆಲ್ಟು. ಎಷ್ಟೋ ಎಂಜಿನ್‌ಗಳಲ್ಲಿ ಅದೇ ಬೆಲ್ಟು ತಂಪುನೀರಿನ ಪಂಪನ್ನೂ ತಿರುಗಿಸುತ್ತದೆ. ಈಗ ನಡುಗಡಲಿನಲ್ಲಿ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತೆನ್ನಿ. ಎಂಜಿನಿನ ಸದ್ದು ಮಾತ್ರ ಹಾಗೆಯೇ ಇದೆ. ಆಗ ಕಣ್ಣು ವೋಲ್ಟ್ ಮೀಟರಿಗೆ ಹೋಗಬೇಕು. 12 ವೋಲ್ಟಿನ ವ್ಯವಸ್ಥೆಯಲ್ಲಿ ಚಾರ್ಜ್ ಆಗುತ್ತಿದ್ದರೆ 13.8ರಿಂದ 14.4 ಇರಬೇಕು. ಅದು 12.6ಕ್ಕೆ ಇಳಿದು ಇನ್ನೂ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಕೆಲಸ ನಿಲ್ಲಿಸಿದೆ. ಇನ್ನೊಂದೆರಡು ನಿಮಿಷದಲ್ಲಿ ಟೆಂಪರೇಚರ್ ಮುಳ್ಳೂ ಏರತೊಡಗಿದರೆ ಎಂಜಿನ್ ರೂಮಿಗೆ ಇಳಿಯುವ ಮೊದಲೇ ಉತ್ತರ ಸಿಕ್ಕಿತು: ಬೆಲ್ಟು ಕಡಿದಿದೆ. ಟೆಂಪರೇಚರ್ ಕದಲದಿದ್ದರೆ ದೋಷ ಆಲ್ಟರ್ನೇಟರಿನದು ಮಾತ್ರ, ಎಂಜಿನಿಗೆ ಸದ್ಯಕ್ಕೆ ಅಪಾಯವಿಲ್ಲ. ವೋಲ್ಟೂ ಸರಿಯಿದ್ದರೆ ಬರೀ ಒಂದು ತಂತಿ ಕಳಚಿದೆ, ಬೆಳಿಗ್ಗೆ ನೋಡಿದರಾಯಿತು.

ಇದೇ ಆರ್‌ಪಿಎಂ ಮೀಟರ್ ನೀರಿನ ಕೆಳಗಿನ ಸುದ್ದಿಯನ್ನೂ ತರುತ್ತದೆ. ಆಕ್ಸಿಲರೇಟರ್ ಮುಟ್ಟದೆ ಮುಳ್ಳು ಇನ್ನೂರು ಮುನ್ನೂರು ಇಳಿದು, ಜಿಪಿಎಸ್‌ನಲ್ಲಿ ಬೋಟಿನ ವೇಗವೂ 3 ನಾಟಿನಿಂದ ಒಂದೂವರೆಗೆ ಬಿದ್ದರೆ ಬಲೆ ಎಲ್ಲೋ ಕಲ್ಲಿಗೆ ಸಿಕ್ಕಿದೆ. ಬಲೆ ಹಾಕದೆ ಓಡುವಾಗ ಹೀಗಾದರೆ ಪ್ರೊಪೆಲ್ಲರಿಗೆ ತೇಲುಬಲೆಯ ತುಂಡೋ ಹಗ್ಗವೋ ಸುತ್ತಿದೆ. ಲಿವರ್ ದೂಡಿದರೂ ಆರ್‌ಪಿಎಂ ಏರದೆ ಹೊಗೆ ಕಪ್ಪಾದರೆ ಎಂಜಿನಿನ ಮೇಲೆ ಹೊರೆ ಮಿತಿ ಮೀರಿದೆ, ಇನ್ನೂ ದೂಡುವುದು ಡೀಸೆಲ್ ಸುಡುವುದಕ್ಕೆ ಮಾತ್ರ. ಆರ್‌ಪಿಎಂ ಸರಾಗ ಏರಿ ಬೋಟು ಮುಂದೆ ಹೋಗದಿದ್ದರೆ ಗೇರ್ ಆಯಿಲ್ ಪ್ರೆಷರ್ ಮೀಟರ್ ನೋಡಬೇಕು. ಅದು ಬಿದ್ದಿದ್ದರೆ ಕ್ಲಚ್ ಜಾರುತ್ತಿದೆ. ಈ ಮೀಟರ್ ತೋರಿಸುವ ಅಂಕಿ ಎಂಜಿನ್ ಎಣ್ಣೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಎರಡನ್ನೂ ಒಂದೇ ಅಳತೆಯಲ್ಲಿ ಓದಿ ಗಾಬರಿಯಾಗಬಾರದು.

ಡೀಸೆಲ್ ಮಾತು ಬಂತು. ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ಸುಮಾರಾಗಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 1,800 ಆರ್‌ಪಿಎಂನಲ್ಲಿ ಓಡುತ್ತಿದ್ದ ಬೋಟನ್ನು 1,620ಕ್ಕೆ ಇಳಿಸಿದರೆ, ಅಂದರೆ ಶೇ 10ರಷ್ಟು ಮಾತ್ರ, ಬೇಕಾಗುವ ಶಕ್ತಿ ಶೇ 27ರಷ್ಟು ಕಡಿಮೆ. ದಕ್ಕೆಗೆ ಒಂದು ಗಂಟೆ ತಡವಾಗಿ ಬರಬಹುದು. ಆ ತಡಕ್ಕೆ ಮೀನಿನ ರೇಟು ಬೀಳುತ್ತದೆಯೋ ಇಲ್ಲವೋ ಎಂಬುದು ಬೇರೆ ಲೆಕ್ಕ. ಎಲ್ಲರಿಗಿಂತ ಮೊದಲು ಹರಾಜಿಗೆ ಬರುವ ಆಸೆಯನ್ನು ಗಣಿತ ತಡೆದದ್ದು ಕಡಿಮೆ. ಫ್ಯೂಯಲ್ ಗೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲೆಯಲ್ಲಿ ಟ್ಯಾಂಕಿನ ಡೀಸೆಲ್ ಕುಲುಕುವಾಗ ಅದರ ಮುಳ್ಳು ಕುಣಿಯುತ್ತದೆ. ತಂಡೇಲರು ಅಳತೆಕೋಲು ಇಳಿಸಿಯೇ ನೋಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ.

ಮೇಲಿನ ಸಾಲಿಗೆ ಬಂದರೆ ದಿಕ್ಸೂಚಿಯೇ ಹಿರಿಯ. ಜಿಪಿಎಸ್ ಬಂದ ಮೇಲೆ ಅದು ಅಲಂಕಾರಕ್ಕೆ ಎಂದುಕೊಂಡವರಿದ್ದಾರೆ. ಎರಡೂ ಹೇಳುವುದು ಬೇರೆ ಬೇರೆ ಸಂಗತಿ. ದಿಕ್ಸೂಚಿ ತೋರಿಸುವುದು ಬೋಟಿನ ಮೂತಿ ಎತ್ತ ಇದೆ ಎಂದು. ಜಿಪಿಎಸ್ ತೋರಿಸುವುದು ಬೋಟು ನಿಜಕ್ಕೂ ಎತ್ತ ಸಾಗುತ್ತಿದೆ ಎಂದು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಪ್ರವಾಹ ದಕ್ಷಿಣಕ್ಕೆ, ಚಳಿಗಾಲದ್ದು ಉತ್ತರಕ್ಕೆ. ಆಗಸ್ಟಿನಲ್ಲಿ ಮಲ್ಪೆಯಿಂದ ನೇರ ಪಡುವಣಕ್ಕೆ, 270 ಡಿಗ್ರಿಗೆ, 7 ನಾಟಿನಲ್ಲಿ ಹೊರಟ ಬೋಟಿಗೆ ಅಡ್ಡಲಾಗಿ 1 ನಾಟಿನ ಪ್ರವಾಹ ಸಿಕ್ಕರೆ ಜಿಪಿಎಸ್ 262 ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ. ಆ 8 ಡಿಗ್ರಿಯ ವ್ಯತ್ಯಾಸವೇ ಪ್ರವಾಹ. ಬೋಟು ನಿಂತಿರುವಾಗ ಮಾತ್ರ ಜಿಪಿಎಸ್ ತೋರಿಸುವ ದಿಕ್ಕಿಗೆ ಅರ್ಥವಿಲ್ಲ.

ದಿಕ್ಸೂಚಿಯ ಶತ್ರುಗಳು ಡ್ಯಾಶ್‌ಬೋರ್ಡಿನ ಮೇಲೆಯೇ ಮನೆ ಮಾಡಿರುತ್ತಾರೆ. ಮೊಬೈಲ್ ಹಿಡಿಸುವ ಸ್ಟ್ಯಾಂಡಿನ ಅಯಸ್ಕಾಂತ, ಹಾಡು ಕೇಳುವ ಸ್ಪೀಕರ್, ಅಯಸ್ಕಾಂತದ ಪೀಠದ ಮೇಲೆ ಕೂತ ಪುಟ್ಟ ದೇವರು. ಭಕ್ತಿಗೆ ಅಡ್ಡಿಯಿಲ್ಲ, ಒಂದೆರಡು ಅಡಿ ದೂರ ಕೂರಿಸಿದರಾಯಿತು. ಪಕ್ಕದಲ್ಲಿ ಹಾದುಹೋಗುವ ಬಲ್ಬಿನ ತಂತಿಯೂ ದಿಕ್ಸೂಚಿಯೊಳಗಿನ ಕಾರ್ಡನ್ನು ತಿರುಗಿಸಬಲ್ಲದು. ಹೋಗುವ ಬರುವ ಎರಡೂ ತಂತಿಗಳನ್ನು ಒಟ್ಟಿಗೆ ಹೊಸೆದು ಎಳೆದರೆ ಆ ಕಾಟ ಇಲ್ಲ. ದಕ್ಕೆಯಲ್ಲಿ ಕಟ್ಟಿದ ಬೋಟಿನಲ್ಲಿ ಒಂದೊಂದೇ ಸ್ವಿಚ್ಚು ಹಾಕುತ್ತ ದಿಕ್ಸೂಚಿಯ ಕಾರ್ಡು ಅಲುಗುತ್ತದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಫಿಶ್ ಫೈಂಡರಿನ ಬಣ್ಣದ ಪರದೆ ಎಲ್ಲರನ್ನೂ ಸೆಳೆಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳಕ್ಕೆ ಹೋಗಿ ಮರಳಲು ಹಿಡಿದ ಸಮಯದಿಂದ ಯಂತ್ರ ಆಳ ಲೆಕ್ಕ ಹಾಕುತ್ತದೆ. 30 ಮೀಟರ್ ಆಳಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಪರದೆಯ ಬಲ ಅಂಚು ಈ ಕ್ಷಣದ್ದು, ಎಡಕ್ಕೆ ಸರಿದದ್ದೆಲ್ಲ ದಾಟಿ ಬಂದದ್ದು. ಮುಂದೇನಿದೆ ಎಂದು ಅದು ಹೇಳುವುದೇ ಇಲ್ಲ. ಆದರೆ ಟ್ರಾಲ್ ಬಲೆ ಬೋಟಿನ ಹಿಂದೆ ದೂರದಲ್ಲಿ ಬರುತ್ತಿರುತ್ತದೆ. 200 ಮೀಟರ್ ಹಗ್ಗ ಬಿಟ್ಟು 3 ನಾಟಿನಲ್ಲಿ ಎಳೆಯುವಾಗ, ಈಗ ಪರದೆಯಲ್ಲಿ ಕಂಡ ಜಾಗಕ್ಕೆ ಬಲೆ ಬರಲು ಎರಡು ನಿಮಿಷ ಬೇಕು. ತಳದ ಗೆರೆ ಒಮ್ಮೆಲೇ ದಪ್ಪಗಾಗಿ ಉದ್ದ ಬಾಲ ಬಿಟ್ಟರೆ, ಅದರ ಕೆಳಗೆ ಎರಡನೆಯ ಪ್ರತಿಧ್ವನಿಯೂ ಮೂಡಿದರೆ, ಕೆಳಗೆ ಕಲ್ಲು. ಕೆಸರಿನ ತಳದ ಬಾಲ ಗಿಡ್ಡ. ಚುಕ್ಕಾಣಿ ತಿರುಗಿಸಿ ಬಲೆ ಉಳಿಸಿಕೊಳ್ಳಲು ಸಿಗುವುದು ಆ ಎರಡು ನಿಮಿಷ.

ಜಿಪಿಎಸ್‌ನಲ್ಲಿ ಮೀನು ಸಿಕ್ಕ ಜಾಗ ಗುರುತು ಹಾಕುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಕಷ್ಟದಲ್ಲಿದ್ದಾಗ ಜಾಗ ಓದಿ ಹೇಳುವಾಗ ಎಡವಟ್ಟಾಗುತ್ತದೆ. ಪರದೆಯಲ್ಲಿ 13 ಡಿಗ್ರಿ 20.50 ಎಂದಿದ್ದರೆ ಅದು ಇಪ್ಪತ್ತೂವರೆ ಮಿನಿಟು. ಕೇಳಿದವರು ಇಪ್ಪತ್ತು ಮಿನಿಟು ಐವತ್ತು ಸೆಕೆಂಡು ಎಂದು ಬರೆದುಕೊಂಡರೆ ಆರುನೂರು ಮೀಟರಿಗೂ ಹೆಚ್ಚು ಆಚೆ ಹುಡುಕುತ್ತಾರೆ. ರಾತ್ರಿ, ಅಲೆಯ ನಡುವೆ, ನೀರಿನಲ್ಲಿ ತೇಲುತ್ತಿರುವ ತಲೆಯೊಂದನ್ನು ಹುಡುಕಲು ಅದು ಬಹಳ ದೂರ. 'ಇಪ್ಪತ್ತು ಪಾಯಿಂಟ್ ಐದು ಸೊನ್ನೆ' ಎಂದು ಪಾಯಿಂಟ್ ಸೇರಿಸಿ ಹೇಳಬೇಕು. ವೈರ್‌ಲೆಸ್‌ನಲ್ಲಿ ಅದಕ್ಕೆ ಚಾನೆಲ್ 16. ಬೋಟುಗಳ ನಡುವಿನ ಹರಟೆಗೆ ಬೇರೆ ಚಾನೆಲ್‌ಗಳಿವೆ. ದಡದ ಹತ್ತಿರ ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಸಂಪರ್ಕ ಕಡಿದುಕೊಂಡಿತು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಬೋಟು ಎಲ್ಲಿದೆ ಎಂದು ತಾನಾಗಿ ದಡಕ್ಕೆ ತಿಳಿಸುತ್ತಿರುವ ಟ್ರಾನ್ಸ್‌ಪಾಂಡರ್ ಬಗ್ಗೆ ಮಾತಾಡುವಾಗ ಇಲ್ಲಿನವರಿಗೆ ಆ ಹೆಸರು ನೆನಪಾಗದೆ ಇರುವುದಿಲ್ಲ. ದೇಶದ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೂರಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಇಸ್ರೊ 2010ರಿಂದ ಮೀನುಗಾರರಿಗೆ ಒದಗಿಸಿರುವ ಅಪಾಯ ಸಂಕೇತದ ಪೆಟ್ಟಿಗೆಯ ಹೊಸ ಆವೃತ್ತಿಯಲ್ಲಿ, ಗುಂಡಿ ಒತ್ತಿದವನಿಗೆ 'ಸಂದೇಶ ತಲುಪಿದೆ' ಎಂಬ ಉತ್ತರವೂ ಮರಳಿ ಬರುತ್ತದೆ. ಮೀನಿನ ಜಾಗದ ಗುಟ್ಟು ಬಯಲಾದೀತೆಂದು ಇಂಥ ಪೆಟ್ಟಿಗೆಯ ಸ್ವಿಚ್ಚು ಆರಿಸಿಡುವವರಿದ್ದರೆ, ಆ ಗುಟ್ಟು ಕ್ಯಾಬಿನ್ನಿನಲ್ಲಿ ಮಲಗಿರುವ ಉಳಿದ ಜೀವಗಳಿಗಿಂತ ದೊಡ್ಡದೇ ಎಂದು ಅವರೇ ಹೇಳಬೇಕು.

ವಾರ ಹತ್ತು ದಿನದ ಮೇಲೆ ಬೋಟು ದಕ್ಕೆಗೆ ಮರಳುತ್ತದೆ. ಬಲೆ ಎಳೆದು ದಣಿದ ಎಂಜಿನನ್ನು ಕೂಡಲೇ ಆರಿಸದೆ ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಬೇಕು. ಸ್ಟಾಪ್ ಕೇಬಲ್ ಇರುವ ಎಂಜಿನಿನಲ್ಲಿ ಮೊದಲು ಆ ಕೇಬಲ್ ಎಳೆದು ಡೀಸೆಲ್ ಕಡಿಯಬೇಕು, ಎಂಜಿನ್ ಪೂರ್ತಿ ನಿಂತ ಮೇಲೆ ಕೀ ತಿರುಗಿಸಬೇಕು. ಓಡುತ್ತಿರುವಾಗಲೇ ಬ್ಯಾಟರಿಯ ಮುಖ್ಯ ಸ್ವಿಚ್ಚು ಆರಿಸಿದರೆ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು. ಇಳಿಯುವ ಮೊದಲು ಓದಬೇಕಾದ ಇನ್ನೊಂದು ಮೀಟರ್ ಇದೆ, ಆರ್‌ಪಿಎಂ ಗೇಜಿನ ಹೊಟ್ಟೆಯಲ್ಲಿರುವ ಪುಟ್ಟ ಅಂಕಿಗಳ ಅವರ್ ಮೀಟರ್. ಹತ್ತು ದಿನ ಹಗಲೂ ರಾತ್ರಿ ಓಡಿದರೆ 240 ಗಂಟೆ. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು. ಅಂದರೆ ಕಾರಿನವರು ವರ್ಷಕ್ಕೊಮ್ಮೆ ಮಾಡುವ ಕೆಲಸ ಇಲ್ಲಿ ಹೆಚ್ಚುಕಡಿಮೆ ಒಂದೊಂದು ಟ್ರಿಪ್ಪಿಗೆ ಒಮ್ಮೆ. ಮೀನು ಇಳಿಸಿ, ಐಸು ತುಂಬಿ, ಮರುದಿನವೇ ಹೊರಡುವ ಅವಸರದಲ್ಲಿ ಆ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಬೋಟುಗಳು ಕೆಲವಷ್ಟೇ. ಬರೆದಿಟ್ಟವರ ಆಯಿಲ್ ಪ್ರೆಷರ್ ಮುಳ್ಳು ಮುಂದಿನ ಮೇ ತಿಂಗಳವರೆಗೂ ನೇಲ್ ಪಾಲಿಶ್ ಚುಕ್ಕಿಯ ಹತ್ತಿರವೇ ಇದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.